ತಾವರಗೇರಾಕ್ಕೆ ಬೈಬಲ್ ಓದಲು ಹೋದದ್ದು

ಭಾನುವಾರ ಬೆಳಿಗ್ಗೆ ಗಂಗಾವತಿಯಲ್ಲಿ ತಾವರಗೇರಾ ಬಸ್ ಹತ್ತಿದೆ. ಹೆಂಗಸರಿಗೆ ಟಿಕೆಟ್ ಉಚಿತ. ಆಧಾರ್ ಕಾರ್ಡ್ ತೋರಿಸಿ ಕಿಟಕಿ ಪಕ್ಕ ಕುಳಿತೆ. ನಾನು ಬೀದರ್ ಕಡೆಯವಳು, ಗಂಗಾವತಿಯ ಆಸ್ಪತ್ರೆಯೊಂದರಲ್ಲಿ ನರ್ಸ್. ಆರು ವರ್ಷದ ಮಗಳು ಸ್ನೇಹಾ ಜ್ವರದಲ್ಲಿ ತೀರಿಹೋದ ಮೇಲೆ ಪ್ರಾರ್ಥನೆಗೆ ಕೂತರೆ ಮಾತೇ ಹೊರಡುತ್ತಿರಲಿಲ್ಲ. ನರ್ಸಿಂಗ್ ಓದುವಾಗಿನ ಗೆಳತಿ ರತ್ನಾ ಫೋನಿನಲ್ಲಿ ಹಟ ಹಿಡಿದಿದ್ದಳು: "ನಮ್ಮನಿಯಾಗ ನಾಕು ಮಂದಿ ಕೂಡಿ ಬೈಬಲ್ ಓದತೀವಿ. ನೀ ಸುಮ್ನ ಬಂದು ಕುಂದ್ರು, ಸಾಕು."

ಕಾಲುವೆ ನೀರಿನ ಭತ್ತದ ಗದ್ದೆಗಳು ಹಿಂದೆ ಉಳಿದವು. ಕನಕಗಿರಿ ದಾಟಿದ ಮೇಲೆ ಕಲ್ಲುಗುಡ್ಡ, ಸಜ್ಜೆ ಹೊಲ, ಏರುಬಿಸಿಲು. ಪಕ್ಕದಲ್ಲಿ ಕೂತಿದ್ದ ಬುರ್ಖಾ ತೊಟ್ಟ ಹೆಂಗಸು ಕೇಳಿದರು, "ಮಕ್ಕಳೆಷ್ಟ್ರಿ ನಿಮಗ?"

"ಒಬ್ಬಾಕಿ," ಎಂದೆ.

"ಭಾಳ ಛಲೋ. ಹೆಣ್ಣುಮಗಳಿದ್ರ ಮನಿ ತುಂಬಿರತೈತಿ ನೋಡ್ರಿ."

ಹೌದೆಂದು ತಲೆಯಾಡಿಸಿದೆ.

ತಾವರಗೇರಾದ ಮನೆಯಲ್ಲಿ ರತ್ನಾ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ಮಾಡಿಟ್ಟಿದ್ದಳು. ತಿಂದ ಮೇಲೆ ಚಾಪೆ ಹಾಸಿ ಕುಳಿತೆವು: ಅವಳು, ಸಾಲಿ ಮಾಸ್ತರರಾದ ಅವಳ ಗಂಡ ಪ್ರಭಾಕರ, ಅಂಗನವಾಡಿಯ ಮರ್ಸಿ, ನಾನು. ಹೋದ ವಾರ ಬಿಟ್ಟಲ್ಲಿಂದ ಮುಂದೆ ಓದುವುದು ಅವರ ರೂಢಿ. ಮರ್ಸಿ ಓದತೊಡಗಿದಳು. ಕಾಯಿಲೆ ಬಿದ್ದ ಹುಡುಗಿಯ ತಂದೆ ಯೇಸುವನ್ನು ಮನೆಗೆ ಕರೆದೊಯ್ಯುತ್ತಿದ್ದಾನೆ. ದಾರಿಯಲ್ಲೇ ಮಗಳು ಸತ್ತ ಸುದ್ದಿ ಬರುತ್ತದೆ. ಮರ್ಸಿ ಓದು ನಿಲ್ಲಿಸಿ ನನ್ನತ್ತ ನೋಡಿದಳು. ಮುಂದೇನೆಂದು ಎಲ್ಲರಿಗೂ ಗೊತ್ತಿತ್ತು.

"ಸಾಕು, ಮರ್ಸಿ," ಎಂದಳು ರತ್ನಾ.

"ಓದ್ರಿ, ಪೂರ್ತಿ ಓದ್ರಿ," ಎಂದೆ ನಾನು.

ಓದಿದಳು. ಯೇಸು ಕೈ ಹಿಡಿದು ಏಳೆಂದಾಗ, ಸತ್ತಿದ್ದ ಆ ಹುಡುಗಿ ಎದ್ದು ನಡೆದಾಡಿದಳು.

"ನಾನೂ ಹಂಗ ಬೇಡಿಕೊಂಡಿದ್ನಲ್ರಿ. ನನ್ನ ಸ್ನೇಹಾ ಯಾಕ ಏಳಲಿಲ್ಲ?"

"ದೇವರ ಚಿತ್ತ, ಅಕ್ಕಾರ…" ಎಂದು ಪ್ರಭಾಕರ ಶುರು ಮಾಡಿದರು.

"ನೀವು ಸುಮ್ನಿರ್ರಿ," ಎಂದು ರತ್ನಾ ಗದರಿದಳು. ನನ್ನತ್ತ ಸರಿದು ಕೈ ಹಿಡಿದಳು. "ನನಗ ಗೊತ್ತಿಲ್ಲವ್ವ. ಖರೇನ ಗೊತ್ತಿಲ್ಲ."

ಮರ್ಸಿ ಅತ್ತಳು. ನನಗೆ ಅಳುವೂ ಬರಲಿಲ್ಲ. ಅವರು ಪ್ರಾರ್ಥನೆಗೆ ಕಣ್ಣು ಮುಚ್ಚಿದಾಗ ನಾನು ಎದ್ದು ಅಂಗಳದಲ್ಲಿ ನಿಂತೆ.

ಸಂಜೆ ರತ್ನಾ ಬಸ್ ನಿಲ್ದಾಣದವರೆಗೆ ಬಂದಳು. "ಮುಂದಿನ ವಾರ ಬರತೀಯಿಲ್ಲೊ?"

"ಬಂದು ಏನು ಮಾಡಲಿ, ರತ್ನಾ?"

ಅಷ್ಟರಲ್ಲಿ ಗಂಗಾವತಿ ಬಸ್ ಬಂತು. ಸೀಟು ಸಿಕ್ಕ ಮೇಲೆ ತಿರುಗಿ ನೋಡಿದೆ. ತಲೆಯ ಮೇಲೆ ಸೆರಗು ಹೊದ್ದು ಅವಳು ಅಲ್ಲೇ ನಿಂತಿದ್ದಳು, ತುಟಿಗಳು ಅಲ್ಲಾಡುತ್ತಿದ್ದವು. ನನಗಾಗಿಯೇ ಬೇಡುತ್ತಿದ್ದಾಳೆಂದು ತಿಳಿಯಿತು. ಅವಳಿಗಿನ್ನೂ ಕೇಳಿಸಿಕೊಳ್ಳುವವನೊಬ್ಬ ಇದ್ದಾನಲ್ಲ ಎಂದು ಹೊಟ್ಟೆ ಉರಿಯಿತು.