ತೆಳುವಾಗಿ ಹೆಚ್ಚುವ ವಿದ್ಯೆ

ನಮ್ಮ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆಯೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಇಂಥವನು ಅಮೆರಿಕದ ಬೆಲ್ವ್ಯೂ ಡೌನ್‌ಟೌನಿನ ಗಾಜಿನ ಕಟ್ಟಡವೊಂದರಲ್ಲಿ ಕೂತು, ಜನ ತಮಗೆ ಬೇಕಾದ್ದನ್ನು ಬೇಗ ಹುಡುಕಿಕೊಳ್ಳಲೆಂದು ಸಾಫ್ಟ್‌ವೇರ್ ಬರೆಯುತ್ತಾನೆ. ಈ ವಿಚಾರವನ್ನು ನನ್ನ ಹೆಂಡತಿ ಸುಮನಾ ಬಂದವರಿಗೆಲ್ಲ ಹೇಳಿ ಸಂತೋಷಪಡುತ್ತಾಳೆ.

ನಾವಿರುವ ಈಸ್ಟ್‌ಗೇಟ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು ಲಿನ್ ತಾತ ಮತ್ತು ಅವರ ಮೊಮ್ಮಗಳು ಮೇ. ತಾತ ಚೀನೀ ಭಾಷೆಯಲ್ಲಿ ಹೇಳಿದ್ದನ್ನು ಮೇ ಇಂಗ್ಲಿಷಿಗೆ ತರುತ್ತಾಳೆ, ಇಲ್ಲಿ ನಾನು ಕನ್ನಡಕ್ಕೆ ತರುತ್ತಿದ್ದೇನೆ. ದಾರಿಯಲ್ಲಿ ಒಂದಿಷ್ಟು ಸೋರಿಹೋಗಿದ್ದರೆ ಕ್ಷಮೆಯಿರಲಿ. ತಾತನ ಊರು ಯಾಂಗ್ತ್ಸೆ ನದಿಯ ದಂಡೆಯಲ್ಲಿದೆ. ಅದರ ಹೆಸರನ್ನು ನಾನು ಹೇಳಿದರೆ ಮೇ ಬಿದ್ದು ಬಿದ್ದು ನಗುವುದರಿಂದ ಬರೆಯುವ ಸಾಹಸಕ್ಕೆ ಹೋಗುವುದಿಲ್ಲ. ಕಲ್ಲು ಹಾಸಿದ ಓಣಿಗಳು, ಹೆಂಚಿನ ಮನೆಗಳು, ದೋಣಿ ನಿಲ್ಲುವ ಮೆಟ್ಟಿಲುಗಳು. ಹಳೇ ಕಾಲದ ಕತೆಯಿದ್ದರೆ ಸಿನಿಮಾದವರು ಸೆಟ್ಟು ಹಾಕುವ ಗೋಜಿಲ್ಲವೆಂದು ಅಲ್ಲಿಗೇ ಓಡಿಬರುತ್ತಿದ್ದರಂತೆ, ನಮ್ಮವರು ಮೇಲುಕೋಟೆಯ ಕಲ್ಯಾಣಿಗೆ ಬರುವ ಹಾಗೆ.

ಆ ಊರಿಗೆ ಇನ್ನೂ ಎರಡು ಹೆಮ್ಮೆಗಳಿವೆ. ಒಂದು, ಬೇಯಿಸಿದ ಹಂದಿಮಾಂಸವನ್ನು ಕಾಗದದಷ್ಟು ತೆಳುವಾಗಿ ಹೆಚ್ಚಿ ಬೆಳ್ಳುಳ್ಳಿ ಖಾರದಲ್ಲಿ ಅದ್ದಿ ತಿನ್ನುವುದು. ಇನ್ನೊಂದು, ಜೋಳದಿಂದ ಇಳಿಸಿದ, ನೋಡಲು ನೀರಿನಂತೆಯೇ ಇರುವ ಮದ್ಯ. ಅದೇ ಜೋಳ ಕೈಗೆ ಬಂದಾಗ ನಮ್ಮವರು ರೊಟ್ಟಿ ತಟ್ಟಿದರು, ಅವರು ಭಟ್ಟಿ ಇಟ್ಟರು. ನಾಗರಿಕತೆಗಳು ಎಲ್ಲಿ ಬೇರೆಯಾದವು ಎಂದು ವಿದ್ವಾಂಸರು ದಪ್ಪ ದಪ್ಪ ಪುಸ್ತಕ ಬರೆದಿದ್ದಾರೆ; ನನಗೆ ತೋರುವ ಕಾರಣ ಇಷ್ಟೇ. ಮಾಂಸ ತಿನ್ನದ ನಾನು ತಾತ ಅರೆದ ಖಾರವನ್ನು ಚಪಾತಿಗೆ ಹಚ್ಚಿಕೊಂಡು ತಿನ್ನುತ್ತೇನೆ. ಮದ್ಯವನ್ನು ಒಮ್ಮೆ, ಮರ್ಯಾದೆಗೆಂದು, ಹೆಬ್ಬೆರಳಿನಷ್ಟು ಲೋಟದಲ್ಲಿ ಕುಡಿದೆ. ಗಂಟಲಿನಿಂದ ಹೊಟ್ಟೆಗೆ ಎಷ್ಟು ದೂರ ಎಂದು ಅವತ್ತು ತಿಳಿಯಿತು.

ತಾತನ ತಾಯಿ ನದಿಯ ಮೆಟ್ಟಿಲ ಬಳಿ ಸಣ್ಣ ಹೋಟೆಲು ನಡೆಸುತ್ತಿದ್ದರು. ಹೆಚ್ಚುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲವಂತೆ. ಆ ಕಾರಣಕ್ಕೇ ತಾತ ಆ ಮಾಂಸಕ್ಕೆ ಚಾಕು ತಾಗಿಸುವುದಿಲ್ಲ. ಕಲಿಸಿಕೊಡಿ ಎಂದು ಮೇ ವರ್ಷಗಳಿಂದ ಗೋಗರೆದರೂ ಅವರದು ಒಂದೇ ಉತ್ತರ: "ನಂಗೇ ಬರಲಿಲ್ಲ. ತಪ್ಪು ತಪ್ಪಾಗಿ ಕಲಿಸಿ ಅಮ್ಮನ ಹೆಸರು ಯಾಕೆ ಕೆಡಿಸ್ಲಿ?" ತಾತನಿಗೀಗ ಎಪ್ಪತ್ತೆರಡು. ಹೀಗೇ ಬಿಟ್ಟರೆ ಆ ಅಡುಗೆ ಆ ಮನೆಯಲ್ಲಿ ಅವರೊಂದಿಗೇ ಮುಗಿಯುತ್ತದೆ. ಇದು ನನಗೆ ನಿಜಕ್ಕೂ ಬೇಸರ ತರುತ್ತಿತ್ತು. ನಮ್ಮಲ್ಲೂ "ಅತ್ತೆ ಮಾಡೋ ಥರ ತೆಳ್ಳಗೆ ಬರಲ್ಲ" ಎಂದು ಸುಮನಾ ಒಬ್ಬಟ್ಟನ್ನು ಅಂಗಡಿಯಿಂದ ತರುತ್ತಾಳೆ.

ತಾತನಿಗೆ ಒಂದು ಆಸೆಯಿತ್ತು. ಅವರು ದೂರದ ಪಟ್ಟಣದಲ್ಲಿ ಕೆಲಸಕ್ಕಿದ್ದಾಗ ಊರಿಗೆ ಶೂಟಿಂಗಿನವರು ಬಂದು, ತಾಯಿಯ ಹೋಟೆಲನ್ನೂ, ಹೆಚ್ಚುತ್ತಿದ್ದ ತಾಯಿಯನ್ನೂ ಸಿನಿಮಾದಲ್ಲಿ ಹಾಕಿಕೊಂಡಿದ್ದರು. ಆ ಸಿನಿಮಾ ಅವರಿಗೆ ನೋಡಲು ಸಿಗಲೇ ಇಲ್ಲ. "ಆ ಕೈ ಓಡೋದನ್ನ ಒಂದ್ಸಲ ನೋಡಿದ್ರೆ ಸಾಕು, ಮೇಗೆ ತೋರಿಸ್ಕೊಡ್ತೀನಿ" ಎನ್ನುತ್ತಿದ್ದರು.

"ರೀ, ಹುಡುಕೋದೇ ತಾನೇ ನಿಮ್ ಕೆಲ್ಸ? ಪಾಪ, ಹುಡುಕ್ಕೊಡಿ" ಎಂದಳು ಸುಮನಾ. ಮೂರು ವೀಕೆಂಡ್ ನನ್ನ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಏನೂ ಸಿಗಲಿಲ್ಲ. ಕೊನೆಗೆ ಅವಳೇ ಲೈಬ್ರರಿಗೆ ಹೋಗಿ ಕೌಂಟರಿನಲ್ಲಿದ್ದ ಹೆಂಗಸನ್ನು ವಿಚಾರಿಸಿದಳು. ಆಕೆ ಹತ್ತೇ ದಿನದಲ್ಲಿ ಬೇರೆ ಊರಿನ ಲೈಬ್ರರಿಯಿಂದ ಡಿವಿಡಿ ತರಿಸಿದರು. "ನಾನೇನ್ ಮಾಡ್ದೆ? ಕೇಳ್ದೆ ಅಷ್ಟೇ" ಎಂದಳು ಸುಮನಾ. ಅವಳ ಆ ವಿನಯವನ್ನು ಸಹಿಸುವುದು ಬಹಳ ಕಷ್ಟವಾಯಿತು.

ಭಾನುವಾರ ಮಧ್ಯಾಹ್ನ ಎಲ್ಲರೂ ತಾತನ ಮನೆಯಲ್ಲಿ ಸೇರಿದೆವು. ಮುಕ್ಕಾಲು ಗಂಟೆ ಕಳೆದ ಮೇಲೆ ನಾಯಕ ಒಂದು ಹೋಟೆಲಿಗೆ ಬಂದು ಮದ್ಯ ಕೇಳಿದ. ಅವನ ಹಿಂದೆ ಹೆಂಗಸೊಬ್ಬಳು ಹಲಗೆಯ ಮುಂದೆ ನಿಂತಿದ್ದಳು. ತಾತ ಎದ್ದು ನಿಂತುಬಿಟ್ಟರು. ಅವಳು ಕ್ಯಾಮೆರಾದ ಕಡೆ ಕದ್ದು ನೋಡಿ, ಗಾಬರಿಯಿಂದ ಚಾಕು ಎಳೆದಳು. ತುಂಡು ಬೆರಳಿನಷ್ಟು ದಪ್ಪ ಬಂತು. ಎರಡನೆಯದು ಅದಕ್ಕಿಂತ ದಪ್ಪ.

ಇಷ್ಟು ವರ್ಷ ಕಾದಿದ್ದು ಇದಕ್ಕಾಗಿಯೇ? ಹುಡುಕದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೆ ಅನ್ನಿಸಿತು. ತಾತ ಅದನ್ನೇ ಮತ್ತೆ ಮತ್ತೆ ಹಾಕಿಸಿದರು. ಐದನೇ ಸಲಕ್ಕೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು, ಕಣ್ಣಲ್ಲಿ ನೀರು. "ಹೆದರಿಬಿಟ್ಟಿದಾಳೆ ನಮ್ಮಮ್ಮ! ಹೆದರಿದ್ರೆ ಅವಳ ಕೈನೂ ನನ್ ಕೈ ಥರಾನೇ!"

ಹಿರಿಯರನ್ನು ನಾವು ನೆನೆಯುವುದು ಅವರ ಅತಿ ಒಳ್ಳೆಯ ದಿನದಲ್ಲಿ ನಿಲ್ಲಿಸಿ. ಅವರ ಪಕ್ಕದಲ್ಲಿ ನಮ್ಮನ್ನು ನಿಲ್ಲಿಸಿಕೊಳ್ಳುವುದು ಮಾತ್ರ ನಮ್ಮ ಕೆಟ್ಟ ದಿನದಲ್ಲಿ. ಮತ್ತೆ ಕುಗ್ಗದೆ ಇನ್ನೇನು?

ಮುಂದಿನ ಭಾನುವಾರ ತಾತ ಮಾಂಸ ಬೇಯಿಸಿ ಆರಿಸಿ, ಚಾಕುವನ್ನು ಮೇ ಕೈಗೆ ಕೊಟ್ಟರು. ಮೊದಲ ತುಂಡು ಮಹಾ ದಪ್ಪವಾಗಿ ಬಿತ್ತು. ಅವಳು ನಾಲಿಗೆ ಕಚ್ಚಿಕೊಂಡಳು. ತಾತ ಅದನ್ನು ಎತ್ತಿ ಎರಡೂ ಕಡೆ ತಿರುಗಿಸಿ ನೋಡಿ, ಖಾರದಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದು ನುಂಗಿದ ಮೇಲೆ ಹೇಳಿದರು: "ನಮ್ಮಮ್ಮನ ಕೈಯೇ ಬಂದಿದೆ ನಿಂಗೆ."