ಪಚ್ಚೆ ಕರಿ

ನಾಯಿಯ ಬಾಯಿಂದ ಜೊಲ್ಲು ನಿಲ್ಲುತ್ತಿರಲಿಲ್ಲ. ಚೆನ್ನೈನ ಅಡ್ಯಾರಿನ ಪಶುವೈದ್ಯರ ಮೇಜಿನ ಮೇಲೆ ಅದು ಕುತ್ತಿಗೆ ಚಾಚಿ ಓಕರಿಸುತ್ತಿತ್ತು. ಹಿಡಿದುಕೊಂಡಿದ್ದವರು ನನ್ನ ಅತ್ತೆ. ಅದಕ್ಕೇನಾಗಿದೆ ಎಂದು ಗೊತ್ತಿದ್ದವಳು ನಾನೊಬ್ಬಳೇ.

ಮೂರು ವರ್ಷದಿಂದ ಅದಕ್ಕೆ ಪ್ಯಾಕೆಟ್ಟಿನ ಒಣ ಆಹಾರವೇ ಊಟ. ನಮ್ಮ ಬಾಯಲ್ಲಿ ಅದು ನಾಯಿ ಬಿಸ್ಕತ್ತು. ಬಿಸ್ಕತ್ತು ಎಂದಮೇಲೆ ಅದರಲ್ಲಿ ಕೋಳಿ ಇದ್ದೀತೆಂದು ಉಡುಪಿ ಕಡೆಯ, ಮಾಂಸ ಮುಟ್ಟದ ಅತ್ತೆಗೆ ಯಾಕೆ ಅನಿಸಬೇಕು? ಡಬ್ಬಿ ಅಡುಗೆಮನೆಯಲ್ಲಿ ಅವಲಕ್ಕಿಯ ಪಕ್ಕದಲ್ಲೇ ಇತ್ತು. ದಿನಾ ಬೆಳಿಗ್ಗೆ ಹಿಡಿ ತುಂಬ ಹಾಕುತ್ತಿದ್ದವರೂ ಅವರೇ. ನಾನು ಸುಮ್ಮನಿದ್ದೆ. ಆಮೇಲೆ ನಾಯಿ ಮೈ ಕೆರೆದುಕೊಳ್ಳತೊಡಗಿತು. ಪಾರ್ಕಿನಲ್ಲಿ ಸಿಗುವ ಒಬ್ಬಾಕೆ, ಬಿಸ್ಕತ್ತು ಬಿಟ್ಟು ಹಸಿ ಮಾಂಸ ಕೊಡಿ, ಕೂದಲು ಮಿರಮಿರ ಮಿಂಚುತ್ತೆ ಎಂದಳು. ನನಗೆ ಯಾವುದನ್ನೂ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ಅತ್ತೆ ಸ್ನಾನಕ್ಕೆ ಹೋದಾಗ ತಾರಸಿಯಲ್ಲಿ ಕದ್ದು ಕೊಡಲು ಶುರುಮಾಡಿ ಹತ್ತು ದಿನವಾಗಿತ್ತು. ಆ ಬೆಳಿಗ್ಗೆ ಕೊಟ್ಟದ್ದು ಕೋಳಿಯ ಕುತ್ತಿಗೆ.

“ಪಚ್ಚೆ ಕರಿ ಕುಡುತ್ತೀಂಗಳಾ?” ಡಾಕ್ಟರು ಕೇಳಿದರು. ಹಸಿ ಮಾಂಸ ಕೊಟ್ಟಿರಾ ಅಂತ. ಅತ್ತೆಯ ತಮಿಳು ತರಕಾರಿ ಗಾಡಿಯವನ ಹತ್ತಿರ ಕಲಿತದ್ದು. ಅವರಿಗೆ ಕರಿ ಎಂದರೆ ತರಕಾರಿ.

“ಆಮಾ, ದಿನಾ ಕುಡುಕ್ಕಿರೋಂ” ಎಂದು ಹೆಮ್ಮೆಯಿಂದ ಒಪ್ಪಿಕೊಂಡರು. ತಾವು ಹಾಕುವ ಸೌತೆಕಾಯಿ, ಕ್ಯಾರೆಟ್ಟಿನ ಮಾತದು.

ಡಾಕ್ಟರು ಬರೆದುಕೊಂಡರು. ನನಗೆ ಹೋದ ಜೀವ ಬಂದಂತಾಯಿತು. ನಿಜ ಹೊರಗೆ ಬಂತು, ಹೇಳಿದವಳು ನಾನಲ್ಲ! ಮಳ್ಳಿಯ ಹಾಗೆ ನಾಯಿಯ ಬೆನ್ನು ಸವರಿದೆ.

“ಎಲುಂಬು?”

ಎಲುಬಿಗೆ ಅನುವಾದ ಬೇಕಿಲ್ಲ. ರಾಮ ರಾಮ, ನಮ್ಮದು ಸಸ್ಯಾಹಾರಿ ಮನೆ ಎಂದು ಅತ್ತೆ ತಮಿಳಿನಲ್ಲೇ ರೇಗಿದರು. ಹಾಗಾದರೆ ಬರೀ ಹೊಟ್ಟೆ ಕೆಟ್ಟಿದೆ, ಇಂಜೆಕ್ಷನ್ ಕೊಟ್ಟು ಕಳಿಸುತ್ತೇನೆ ಎಂದು ಡಾಕ್ಟರು ಬರೆದದ್ದನ್ನು ಹೊಡೆದುಹಾಕಿ ಸಿರಿಂಜಿಗೆ ಕೈಹಾಕಿದರು. ನಾಯಿ ಮತ್ತೆ ಓಕರಿಸಿತು. ಏನೂ ಬರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

“ಎಲುಬು ಕೊಟ್ಟಿದ್ದೀನಿ” ಎಂದೆ. ಕನ್ನಡದಲ್ಲೇ ಬಂತು. ಡಾಕ್ಟರಿಗೂ ತಿಳಿಯಿತು, ಅತ್ತೆಗೂ ತಿಳಿಯಿತು.

ಕೊಳವೆ ಇಳಿಸಿ, ಗಂಟಲಿನ ಕೆಳಗೆ ಸಿಕ್ಕಿದ್ದ ಮೂಳೆ ತೆಗೆದರು. ವಾಪಸು ಬರುವಾಗ ಆಟೋದಲ್ಲಿ ಅತ್ತೆ ಕೇಳಿದ್ದು ಒಂದೇ ಮಾತು: “ಬಿಸ್ಕತ್ತಿನಲ್ಲೂ ಉಂಟಾ?”

ಇದೆ ಎಂದೆ.

“ನನ್ನ ಕೈಯಲ್ಲೇ ಹಾಕಿಸಿದಿಯಲ್ಲ ಮಾರಾಯ್ತಿ.” ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹಸಿ ಮಾಂಸದ ಮಾತು ಅಲ್ಲಿಗೇ ಮುಗಿಯಿತು. ನಾಲ್ಕನೇ ದಿನ ಡಾಕ್ಟರು ಬಿಸ್ಕತ್ತನ್ನೇ ನೆನೆಸಿ ಕೊಡಿ ಎಂದರು. ಅಷ್ಟರಲ್ಲಿ ಡಬ್ಬಿ ಬಾಲ್ಕನಿಗೆ ಹೋಗಿತ್ತು. ಮರುದಿನ ನಾನು ಏಳುವ ಮೊದಲೇ ಅತ್ತೆ ಅಲ್ಲಿ ಕುಳಿತು, ಬಿಸಿನೀರಿನಲ್ಲಿ ಅದನ್ನು ಬೆರಳಿಂದ ಕಿವುಚಿ ನಾಯಿಗೆ ತಿನ್ನಿಸುತ್ತಿದ್ದರು. ಅವರಿಗೆ ಕಾಫಿ ತಂದು ಪಕ್ಕದಲ್ಲಿಟ್ಟೆ. ನಾಯಿ ಬಟ್ಟಲು ನೆಕ್ಕಿ ಮುಗಿಸಿತು. ಅತ್ತೆ ಕೈ ತೊಳೆದುಕೊಂಡು ಅಡುಗೆಮನೆಗೆ ಹೋಗಿ ತಮ್ಮ ಕಾಫಿ ತಾವೇ ಮಾಡಿಕೊಂಡರು.