ಖಾಲಿ ಗಾಡಿಯ ಅಳತೆ

ನಮ್ಮ ಭಾವ ಬೆಸುಗೆ ಕೆಲಸದವರು. ಅವರ ಹೆಂಡತಿ, ಎಂದರೆ ನಮ್ಮಕ್ಕ, ಜೀಪು ಓಡಿಸುವವಳು. ಗುಡ್ಡದ ಮೇಲಿನ ಕಲ್ಲುಗಣಿಗೆ ಬೆಳಿಗ್ಗೆ ಕೆಲಸದವರನ್ನು ಹತ್ತಿಸುವುದು, ಸಂಜೆ ಇಳಿಸುವುದು ಅವಳ ಕೆಲಸ. ಜೀಪು ಕೆಟ್ಟರೆ ಮನೆಯ ಹಿಂದಿನ ತಗಡಿನ ಶೆಡ್ಡಿಗೇ ಬರುತ್ತದೆ. ಹೀಗಾಗಿ ಆ ಸಂಸಾರದ ಜಗಳಗಳಲ್ಲಿ ಮುಕ್ಕಾಲುಪಾಲು ನಟ್ಟುಬೋಲ್ಟಿನವು.

ಭಾವನಿಗೆ ಒಂದು ಹಟವಿತ್ತು. ಅಳತೆ ತೆಗೆಯುವಾಗ ಗಾಡಿಯೊಳಗೆ ನೊಣವೂ ಇರಕೂಡದು. ಸೀಟಿನ ಮೇಲಿನ ಟವೆಲ್ಲನ್ನೂ ಮಡಿಸಿ ಹೊರಗಿಡುತ್ತಿದ್ದರು. "ಜನ ಇದ್ರೆ ಗಾಡಿ ಸುಳ್ಳು ಹೇಳುತ್ತೆ" ಎನ್ನುವುದು ಅವರ ವೇದಾಂತ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ನಾನಂತೂ ವಾದ ಮಾಡುವುದನ್ನು ಎಂದೋ ಬಿಟ್ಟಿದ್ದೆ.

ಗಣಿಯ ದಾರಿಯಲ್ಲಿ ಕಲ್ಲು ಎದ್ದಿತ್ತು. ಜೀಪಿನ ಹಿಂದೆ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರುಗಳ ಕೆಳತುದಿ, ಗಾಲಿಗಳನ್ನು ಜೋಡಿಸುವ ಆಕ್ಸಲ್‌ಗಿಂತ ತಗ್ಗಿನಲ್ಲಿ ಜೋತುಬಿದ್ದು, ಕಲ್ಲಿಗೆ ಬಡಿದು ಬಡಿದು, ಅದನ್ನು ಹಿಡಿದಿದ್ದ ಬ್ರಾಕೆಟ್ಟು ಸೊಟ್ಟಗಾಗುತ್ತಿತ್ತು. "ಅದನ್ನ ಮೇಲೆತ್ತಿ ಕೂರ್ಸಿ ಅಂತ ಎಷ್ಟು ಸಲ ಹೇಳ್ಬೇಕು" ಎಂದು ಅಕ್ಕ ರೇಗಿದ ಮೇಲೆ ಭಾವ ಜೀಪನ್ನು ಜ್ಯಾಕಿನ ಮೇಲೇರಿಸಿದರು. ಹಳೆಯ ಬ್ರಾಕೆಟ್ಟು ಕತ್ತರಿಸಿ, ದಪ್ಪ ಉಕ್ಕಿನಲ್ಲಿ ಹೊಸದು ಮಾಡಿ, ಆಕ್ಸಲ್ಲಿನ ನೆತ್ತಿಗೆ ಬೆಸೆದರು. ಗಾಲಿಗಳು ಗಾಳಿಯಲ್ಲಿ ನೇತಾಡುತ್ತಿದ್ದವು. ಅಳತೆ ಹಿಡಿದದ್ದು ಹಾಗೆಯೇ, ಸ್ಪ್ರಿಂಗಿನ ಮೇಲೆ ಒಂದಿಷ್ಟೂ ಭಾರವಿಲ್ಲದೆ. ಬೆಸುಗೆ ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ.

ಖಾಲಿ ಜೀಪು ಗುಡ್ಡ ಹತ್ತಿ ಇಳಿಯಿತು. ಮರುದಿನ ಜನ ತುಂಬಿದ ಜೀಪೂ ಹತ್ತಿತು, ಇಳಿಯುವಾಗ ಕೈಕೊಟ್ಟಿತು. ಭಾರಕ್ಕೆ ಮೈ ತಗ್ಗಿದಾಗ ಶಾಕ್‌ಗಳಿಗೆ ಒಳಸರಿಯಲು ಜಾಗವೇ ಉಳಿದಿರಲಿಲ್ಲ. ಒಂದು ಗುಂಡಿಯಲ್ಲಿ ಎಡಗಡೆಯದು ಪೂರ್ತಿ ಕುಗ್ಗಿ, ಗಾಡಿಯ ಚೌಕಟ್ಟಾದ ಚಾಸಿಯನ್ನೇ ಹರಿದುಕೊಂಡು ಮೇಲೆದ್ದಿತು. ಜೀಪು ತಿರುವಿನಲ್ಲಿ ಅಡ್ಡಡ್ಡ ಜಾರಿ ತಡೆಗೋಡೆಗೆ ಒರಗಿತು. ಗೋಡೆಯ ಆಚೆ ಬರೀ ಪ್ರಪಾತ. ಪುಣ್ಯಕ್ಕೆ ಒಬ್ಬನ ಮಣಿಕಟ್ಟು ಉಳುಕಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಭಾವನ ಬೆಸುಗೆ ಮಾತ್ರ ಬಿಟ್ಟಿರಲಿಲ್ಲ.

ಅಕ್ಕ ಎಲ್ಲರನ್ನೂ ನಡೆಸಿಕೊಂಡು ಕೆಳಗಿಳಿದು ಬಂದಳು. ಶೆಡ್ಡಿನ ಮೊಳೆಗೆ ಕೀ ನೇತುಹಾಕಿ, ಕೂಗಾಡದೆ ಹೇಳಿದಳು: "ಇನ್ಮೇಲೆ ನಿಮ್ಮ ಕೈ ಬಿದ್ದ ಗಾಡಿ ನಾನು ಓಡ್ಸಲ್ಲ. ನಾನು ಹಾಳಾಗಿ ಹೋಗ್ಲಿ, ಹಿಂದೆ ಕೂತಿದ್ದೋರು ಯಾರ ಮನೆ ಮಕ್ಕಳು?"

ಭಾವ ಊಟಕ್ಕೆ ಕೂತವರು ತಟ್ಟೆಯಲ್ಲಿ ಕೈಯಾಡಿಸಿ ಎದ್ದುಬಿಡತೊಡಗಿದರು. ಜೀಪು ಕೆಟ್ಟದ್ದಕ್ಕಲ್ಲ; ಆ ಮಾತು ನಾಟಿತ್ತು. ನನಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ಸಿಟ್ಟೇ ಒಂದು ತೂಕ ಹೆಚ್ಚು.

ಹರಿದ ಚಾಸಿಗೆ ತೇಪೆ ಹಾಕಿದ ಮೇಲೆ, ಒಂದು ರಜೆಯ ದಿನ, ಅವರು ಗಣಿಯವರ ಮನೆಮನೆಗೆ ಹೋಗಿ ಕರೆದು ತಂದರು. ಜೀಪು ಈ ಸಲ ನೆಲದ ಮೇಲೇ ನಿಂತಿತ್ತು. ಹಿಂದೆ ಎಲ್ಲರನ್ನೂ ಹತ್ತಿಸಿದರು, ಉಳುಕಿದ ಕೈಯವನನ್ನೂ. ಜಾಗ ಉಳಿದಲ್ಲಿ ನನ್ನನ್ನು ತುರುಕಿದರು. "ಅತ್ತೆ, ನೀವೂ ಹತ್ತಿ" ಎಂದಾಗ ನಮ್ಮಮ್ಮ, "ನನ್ನ ತೂಕ ಅಳಿಯಂದ್ರಿಗೆ ಈಗ ಗೊತ್ತಾಯ್ತು" ಎನ್ನುತ್ತ ಹತ್ತಿದರು. ಜೀಪು ಕುಸಿಯಿತು. ಬ್ರಾಕೆಟ್ಟಿನ ಹೊಸ ಜಾಗ ಗುರುತು ಮಾಡಲು ಭಾವ ಸೀಮೆಸುಣ್ಣ ಹಿಡಿದು ಜೀಪಿನಡಿ ನುಸುಳಿದರು.

ಕೂತೆವು, ಕೂತೇ ಇದ್ದೆವು.

"ಆಯ್ತಾ ಭಾವ?" ಎಂದೆ.

"ಇಲ್ಲ."

"ಇನ್ನೇನು ಬಾಕಿ?"

"ಓಡ್ಸೋರು ಕೂತಿಲ್ಲ."

ಓಡಿಸುವವಳ ಭಾರ ಹಿಂದಿನ ಗಾಲಿಗೆ ಲೆಕ್ಕಕ್ಕೇ ಬರುವುದಿಲ್ಲ. ಅದು ಭಾವನಿಗೆ ಗೊತ್ತು, ನಮಗೂ ಗೊತ್ತು, ಶೆಡ್ಡಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಅಕ್ಕನಿಗಂತೂ ಚೆನ್ನಾಗಿ ಗೊತ್ತು. ಅಮ್ಮನ ಮೊಣಕೈ ನನ್ನ ಪಕ್ಕೆಗೆ ನಾಟಿತ್ತು, ಕಾಲು ಜೋಮು ಹಿಡಿಯಿತು. ಕೊನೆಗೆ ಅಕ್ಕ ಮೊಳೆಯಿಂದ ಕೀ ತೆಗೆದುಕೊಂಡು ಬಂದು ಸ್ಟಿಯರಿಂಗಿನ ಮುಂದೆ ಕೂತಳು.

"ಹೂಂ, ಗುರುತು ಹಾಕ್ಕೊಳ್ಳಿ" ಎಂದಳು.

ಅಡಿಯಿಂದ ಮೊದಲು ಮೂಗೆಳೆಯುವ ಸದ್ದು ಬಂತು. ಸೀಮೆಸುಣ್ಣ ಗೀಚಿದ ಸದ್ದು ಆಮೇಲೆ.